ಹತ್ತು ಪುಟ ಓದಿ ವಾಪಸ್ ಕೊಟ್ಟ ಕವನ ಸಂಕಲನ

ಪ್ರಶ್ನೆ: ನನಗೆ 41 ವರ್ಷ. ದಾವಣಗೆರೆಯಲ್ಲಿ ಒಂದು ಅಂಗಡಿಯ ಲೆಕ್ಕಪತ್ರ ಬರೆಯುತ್ತೇನೆ. ಮಗಳಿಗೆ ಕಥೆ ಪುಸ್ತಕ ಬೇಕು ಅಂತ ಬಡಾವಣೆಯ ಲೈಬ್ರರಿಗೆ ಮೆಂಬರ್ ಆದೆ. ಅವಳ ಜೊತೆ ನಾನೂ ಏನಾದರೂ ಓದೋಣ ಅನ್ನಿಸಿತು. 1970ರ ದಶಕದ ಒಂದು ಕವನ ಸಂಕಲನ ತಂದೆ. ಶಾಲೆ ಬಿಟ್ಟ ಮೇಲೆ ಕವಿತೆ ಓದಿದ್ದೇ ಇಲ್ಲ. ಹತ್ತು ಪುಟ ಓದಿದೆ, ತಲೆಗೆ ಹತ್ತಲಿಲ್ಲ. 15 ದಿನ ಟಿವಿ ಪಕ್ಕ ಇಟ್ಟಿದ್ದು ಹಾಗೇ ವಾಪಸ್ ಕೊಟ್ಟೆ. ಕೊಡುವಾಗ ನಾಚಿಕೆ ಆಯಿತು. ಆದರೂ ಆಸೆ ಹೋಗಿಲ್ಲ. ಕವಿತೆಯನ್ನು ಅರ್ಥ ಮಾಡಿಕೊಳ್ಳುವುದು ಹೇಗೆ? ಯಾವ ಪುಸ್ತಕದಿಂದ ಶುರು ಮಾಡಲಿ? ಕೊಂಡುಕೊಂಡೇ ಓದಬೇಕಾ? ಮೊಬೈಲಿಗೇ ಬೇಕಾದಷ್ಟು ಕವಿತೆ ಬರುತ್ತವೆ, ಅಷ್ಟು ಸಾಲದಾ? ನನಗೆ ಬಿಡುವು ಸಿಗುವುದು ರಾತ್ರಿ ಊಟದ ಮೇಲೆ ಅರ್ಧ ಗಂಟೆ. ಮನೆಯಲ್ಲಿ ಅತ್ತೆಯವರಿದ್ದಾರೆ, ಅವರಿಗೆ ಓದು ಬರಹ ಬರುವುದಿಲ್ಲ. ನಾನು ಪುಸ್ತಕ ಹಿಡಿದು ಮೂಲೆ ಸೇರಿದರೆ ಅವರು ಒಬ್ಬರೇ ಆಗುತ್ತಾರೆ.

ಉತ್ತರ: ಮೊದಲು ಆ ನಾಚಿಕೆಯನ್ನು ತೆಗೆದುಬಿಡೋಣ. ನಾನು 30 ವರ್ಷ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸ ಮಾಡಿದವನು. ಪುಸ್ತಕ ವಾಪಸ್ ಬಂದಾಗ ನಾವು ನೋಡುವುದು ಎರಡೇ. ಹಾಳೆ ಹರಿದಿಲ್ಲ ತಾನೇ, ದಿನ ದಾಟಿಲ್ಲ ತಾನೇ. ಓದಿದರೋ ಇಲ್ಲವೋ ಅಂತ ಕೇಳುವುದಿಲ್ಲ, ಕೇಳಬಾರದು ಕೂಡ. ಹತ್ತು ಪುಟ ಓದಿ ಬಿಟ್ಟವರ ಪುಸ್ತಕಕ್ಕೂ ಹತ್ತು ಸಲ ಓದಿದವರ ಪುಸ್ತಕಕ್ಕೂ ಒಂದೇ ಮೊಹರು ಬೀಳುತ್ತದೆ.

ಇನ್ನೊಂದು ಮಾತು. ಆ ಪುಸ್ತಕಕ್ಕೆ ನೀವು ಆಗಲೇ ದುಡ್ಡು ಕಟ್ಟಿದ್ದೀರಿ. ಮನೆ ಕಂದಾಯದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ, 100 ರೂಪಾಯಿ ತೆರಿಗೆಗೆ 6 ರೂಪಾಯಿ. ಬಾಡಿಗೆ ಮನೆಯಾದರೆ ಮಾಲೀಕರು ಕಟ್ಟುತ್ತಾರೆ, ನಿಮ್ಮ ಬಾಡಿಗೆಯಲ್ಲಿ ಅದೂ ಸೇರಿರುತ್ತದೆ. ನಮ್ಮ ಗ್ರಂಥಾಲಯ ಕಾಯ್ದೆ 1965ರದ್ದು, ಆಗ ಇನ್ನೂ ಮೈಸೂರು ರಾಜ್ಯ ಅನ್ನುತ್ತಿದ್ದರು. ಊರಿನ ಮನೆಮನೆಯಿಂದ ಬಂದ ಹಣದಲ್ಲಿ ಊರಿನ ಲೈಬ್ರರಿ ನಡೆಯಲಿ ಅನ್ನುವುದು ಅದರ ಲೆಕ್ಕ. ನೀವು ಲೆಕ್ಕ ಬರೆಯುವವರು, ಇದು ನಿಮಗೆ ಬೇಗ ಅರ್ಥವಾಗುತ್ತದೆ. ಲೈಬ್ರರಿಯಲ್ಲಿ ನೀವು ಅತಿಥಿ ಅಲ್ಲ, ಪಾಲುದಾರರು.

ಎಸ್. ಆರ್. ರಂಗನಾಥನ್ ಅಂತ ಒಬ್ಬರಿದ್ದರು. ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಆಮೇಲೆ ಬದುಕೆಲ್ಲ ಗ್ರಂಥಾಲಯಕ್ಕೇ ಕೊಟ್ಟರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಹೇಳಿ 1931ರಲ್ಲಿ ಪುಸ್ತಕ ಮಾಡಿದರು. ಅದರಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವೆರಡೂ ಒಂದೇ ಮಾತು ಅಂದುಕೊಂಡಿದ್ದೆ. ಅಲ್ಲ. ಕಪಾಟಿನಲ್ಲಿ ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕವೂ ಯಾರನ್ನೋ ಕಾಯುತ್ತಿರುತ್ತದೆ. ನೀವು ತಂದ ಸಂಕಲನ ಈ ಸಲಕ್ಕೆ ನಿಮ್ಮದಾಗಲಿಲ್ಲ, ಅಷ್ಟೇ. ಐದು ವರ್ಷ ಬಿಟ್ಟು ಆಗಬಹುದು. ಇಲ್ಲವೇ ಬೇರೆ ಯಾರದ್ದೋ ಆಗುತ್ತದೆ.

ಆ ಪುಸ್ತಕ ಯಾಕೆ ತಲೆಗೆ ಹತ್ತಲಿಲ್ಲ ಅನ್ನುವುದಕ್ಕೂ ಕಾರಣ ಇದೆ. 1970ರ ದಶಕ ಅಂದಿರಿ. ಅದು ನವ್ಯ ಕಾವ್ಯದ ಗಾಳಿ ಜೋರಾಗಿ ಬೀಸಿದ್ದ ಕಾಲ. ಗೋಪಾಲಕೃಷ್ಣ ಅಡಿಗರ ‘ಭೂಮಿಗೀತ’ 1959ರಲ್ಲಿ ಬಂತು. ಆ ಹೊತ್ತಿಗೆ ಕವಿಗಳು ಹಳೆಯ ಲಯ, ಪ್ರಾಸ, ಹಾಡಿನ ಧಾಟಿ ಇವನ್ನೆಲ್ಲ ಬೇಕೆಂದೇ ಮುರಿಯುತ್ತಿದ್ದರು. ಹಿಂದಿನವರು ಹೀಗೆ ಹಾಡಿದರು, ನಾವು ಹಾಗೆ ಹಾಡುವುದಿಲ್ಲ ಅನ್ನುವ ಜಗಳ ಆ ಕವಿತೆಗಳ ಒಳಗೇ ಇದೆ. ಪುರಾಣದ ಹೆಸರು, ಪೇಟೆಯ ಮಾತು, ಕಚೇರಿಯ ಬೇಸರ ಎಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಹಿಂದಿನದನ್ನು ಓದದೆ ಅಲ್ಲಿಗೆ ಹೋದರೆ, ಅರ್ಧ ಮುಗಿದ ಜಗಳದ ನಡುವೆ ನಿಂತಂತೆ ಆಗುತ್ತದೆ. ಯಾರು ಯಾರಿಗೆ ಏನು ಅನ್ನುತ್ತಿದ್ದಾರೆ ತಿಳಿಯುವುದಿಲ್ಲ. ಅದರಲ್ಲಿ ನಿಮ್ಮ ತಪ್ಪಿಲ್ಲ. ಅಡಿಗರು ದೊಡ್ಡ ಕವಿ. ಅವರ ಹತ್ತಿರ ಖಂಡಿತ ಹೋಗಿ, ಆದರೆ ಒಂದೆರಡು ವರ್ಷ ಕಳೆಯಲಿ.

ಹಾಗಾದರೆ ಯಾವುದರಿಂದ ಶುರು? ನಾನು ‘ಮೈಸೂರು ಮಲ್ಲಿಗೆ’ಯನ್ನೇ ಕೊಡುತ್ತೇನೆ. ಕೆ. ಎಸ್. ನರಸಿಂಹಸ್ವಾಮಿಯವರ ಈ ಸಂಕಲನ ಮೊದಲು ಬಂದದ್ದು 1942ರಲ್ಲಿ. ಕವಿ ಮಂಡ್ಯ ಜಿಲ್ಲೆಯ ಕಿಕ್ಕೇರಿಯವರು, ಸರ್ಕಾರಿ ಕಚೇರಿಯಲ್ಲಿ ದುಡಿದು ಸಂಸಾರ ಮಾಡಿದವರು. ಹೊಸದಾಗಿ ಮದುವೆಯಾದವರು, ಮಾವನ ಮನೆ, ಬಳೆಗಾರ, ಹಗಲಿನ ಕೆಲಸ, ಸಣ್ಣ ಮುನಿಸು. ಅದರಲ್ಲಿರುವುದೆಲ್ಲ ಮನೆಯ ವಿಷಯ. ‘ಇದು ನನಗೆ ಗೊತ್ತಿರುವುದೇ ಅಲ್ವಾ’ ಅಂತ ನಿಮಗೆ ಅನ್ನಿಸಬಹುದು. ಹೌದು, ಅರ್ಧ ಗೊತ್ತು. ರೇಡಿಯೋದಲ್ಲಿ, ಕ್ಯಾಸೆಟ್‌ನಲ್ಲಿ, 1992ರ ಸಿನಿಮಾದಲ್ಲಿ ಈ ಕವಿತೆಗಳನ್ನು ಹಾಡಾಗಿ ಕೇಳಿದ್ದೀರಿ. ಪುಸ್ತಕವನ್ನು ಕೊಡುವುದು ಅದಕ್ಕೇ.

ಹಾಡುವವರು ಸಾಮಾನ್ಯವಾಗಿ ಒಂದು ಕವಿತೆಯಿಂದ ಮೂರು ನಾಲ್ಕು ನುಡಿ, ಅಂದರೆ ಚರಣ, ಆರಿಸಿಕೊಳ್ಳುತ್ತಾರೆ. ಹಾಡು ಐದು ನಿಮಿಷದಲ್ಲಿ ಮುಗಿಯಬೇಕು. ಉಳಿದ ನುಡಿಗಳು ಪುಸ್ತಕದಲ್ಲೇ ಉಳಿಯುತ್ತವೆ. ನೀವು ಪುಟ ತೆಗೆದು ಗೊತ್ತಿರುವ ಸಾಲನ್ನು ಓದುತ್ತಾ ಹೋಗುತ್ತೀರಿ. ಗುನುಗುತ್ತಲೇ ಹೋಗುತ್ತೀರಿ. ಒಂದು ಕಡೆ ಥಟ್ಟನೆ ನಿಮಗೆ ಗೊತ್ತಿಲ್ಲದ ನಾಲ್ಕು ಸಾಲು ಎದುರಾಗುತ್ತವೆ. ಎಷ್ಟೋ ವರ್ಷದಿಂದ ಕೇಳುತ್ತಿದ್ದ ಹಾಡಿನೊಳಗೆ ಒಂದು ಕೋಣೆ ಇತ್ತು, ಅದರ ಬಾಗಿಲನ್ನು ಯಾರೂ ತೆಗೆದಿರಲಿಲ್ಲ. ಅದನ್ನು ನೀವೇ ತೆಗೆದು ಒಳಗೆ ಹೋಗುತ್ತೀರಿ. ಈ ಸುಖ ನನಗೆ ಮೊದಲು ಸಿಕ್ಕಿದ್ದು ಕೆಲಸಕ್ಕೆ ಸೇರಿದ ಎರಡನೇ ವರ್ಷ, ಮಧ್ಯಾಹ್ನ ಕೌಂಟರ್ ಖಾಲಿ ಇದ್ದಾಗ. ಈಗಲೂ ಯಾವ ಭಾವಗೀತೆ ಕಿವಿಗೆ ಬಿದ್ದರೂ ಮೂಲ ಪುಸ್ತಕ ಹುಡುಕುತ್ತೇನೆ. ಎರಡನೇ ಸಲ ಓದುವಾಗ ರಾಗವನ್ನು ಬಿಟ್ಟು ಓದಿ. ಕಷ್ಟ ಆಗುತ್ತದೆ, ರಾಗ ನಾಲಿಗೆಗೆ ಅಂಟಿಕೊಂಡಿರುತ್ತದೆ. ಪಕ್ಕದವರ ಜೊತೆ ಮಾತಾಡುವ ಹಾಗೆ ನಿಧಾನ ಹೇಳಿ ನೋಡಿ. ಹಾಡಿನಲ್ಲಿ ಜಾರಿ ಹೋಗಿದ್ದ ಒಂದು ಪದ ಆಗ ಎದ್ದು ನಿಲ್ಲುತ್ತದೆ.

ಆಮೇಲೆ ಅದೇ ಕವಿಯ ‘ತೆರೆದ ಬಾಗಿಲು’ ತನ್ನಿ. ಅದಕ್ಕೆ 1977ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಎರಡಕ್ಕೂ ನಡುವೆ ಮೂವತ್ತು ವರ್ಷಕ್ಕಿಂತ ಜಾಸ್ತಿ ಅಂತರ. ಎರಡನ್ನೂ ಒಟ್ಟಿಗೆ ಮನೆಯಲ್ಲಿಟ್ಟುಕೊಂಡರೆ ಒಬ್ಬ ಮನುಷ್ಯ ಪ್ರಾಯದಿಂದ ವಯಸ್ಸಿಗೆ ಬಂದದ್ದನ್ನು ಹತ್ತಿರದಿಂದ ನೋಡಬಹುದು. ಅಂಗಡಿಯಲ್ಲಿ ಹೀಗೆ ಜೋಡಿ ಮಾಡಿ ಕೊಳ್ಳಲು ಜೇಬು ನೋಡಿಕೊಳ್ಳಬೇಕು. ಲೈಬ್ರರಿಯಲ್ಲಿ ಎರಡು ಕಾರ್ಡು ಇದ್ದರೆ ಆಯಿತು.

ಇನ್ನು ಕಪಾಟಿನ ಮುಂದೆ ನಿಂತು ಹುಡುಕುವ ಬಗ್ಗೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಎಷ್ಟೋ ಜನ ‘ಇಲ್ಲಿ ಕವಿತೆ ಪುಸ್ತಕವೇ ಇಲ್ಲ’ ಅಂತ ಬರಿಗೈಲಿ ಹೋಗಿದ್ದನ್ನು ನೋಡಿದ್ದೇನೆ. ಇರುತ್ತವೆ. ಕಾಣುವುದಿಲ್ಲ. ಕವನ ಸಂಕಲನ ಅಂದರೆ ಎಂಬತ್ತು ನೂರು ಪುಟದ ತೆಳು ಪುಸ್ತಕ. ಬೆನ್ನಿನ ಮೇಲೆ ಹೆಸರು ಅಚ್ಚು ಹಾಕಲು ಜಾಗವೇ ಇರುವುದಿಲ್ಲ. ದಪ್ಪ ಕಾದಂಬರಿಗಳ ಸಂದಿಯಲ್ಲಿ ಅದು ಒಳಕ್ಕೆ ಸರಿದುಬಿಡುತ್ತದೆ. ಕೈ ಹಾಕಿ ಒಂದೊಂದೇ ಎಳೆದು ನೋಡಬೇಕು. ಅನೇಕ ಲೈಬ್ರರಿಗಳಲ್ಲಿ ಪುಸ್ತಕದ ಬೆನ್ನಿಗೆ ವಿಷಯಕ್ಕೊಂದು ನಂಬರ್ ಕೊಡುವ ಡ್ಯೂಯಿ ಪದ್ಧತಿಯ ಚೀಟಿ ಅಂಟಿಸಿರುತ್ತಾರೆ. ಕನ್ನಡ ಸಾಹಿತ್ಯ 894.814. ಅದರ ಮುಂದೆ 1 ಬಂದರೆ ಕಾವ್ಯ, 2 ಬಂದರೆ ನಾಟಕ, 3 ಬಂದರೆ ಕಥೆ ಕಾದಂಬರಿ. ನಿಮಗೆ ಬೇಕಾದ್ದು 894.8141. ಸಣ್ಣ ಶಾಖೆಗಳಲ್ಲಿ ಈ ಕ್ರಮ ಅಷ್ಟು ನಿಲ್ಲುವುದಿಲ್ಲ. ಓದಿದವರು ಎಲ್ಲೆಂದರಲ್ಲಿ ಇಟ್ಟು ಹೋಗುತ್ತಾರೆ. ಆಗ ಕೇಳಿ. ಕವಿತೆ ಪುಸ್ತಕ ಬೇಕು ಅಂತ ಬಂದು ಕೇಳುವವರನ್ನು ಕಂಡರೆ ನಮಗೆ ಎಷ್ಟು ಖುಷಿ ಆಗುತ್ತದೆ ಅನ್ನುವುದು ನಿಮಗೆ ಗೊತ್ತಿಲ್ಲ.

ಹೊಸ ಕವಿಗಳ ಪುಸ್ತಕಗಳನ್ನೂ ಎಳೆದು ನೋಡಿ. ಕವನ ಸಂಕಲನ ಕಡಿಮೆ ಪ್ರತಿ ಅಚ್ಚಾಗುತ್ತದೆ, ಅಂಗಡಿಗೆ ಬರುವುದು ಇನ್ನೂ ಕಡಿಮೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದರೆ ಅದು ಊರೂರಿಗೆ ಹೋಗುತ್ತದೆ. ಮತ್ತೆ ಅಚ್ಚಾಗದ ಎಷ್ಟೋ ಪುಸ್ತಕಗಳು ಇವತ್ತು ಉಳಿದಿರುವುದು ಲೈಬ್ರರಿ ಕಪಾಟಿನಲ್ಲಿ ಮಾತ್ರ. ಹೆಸರೇ ಕೇಳಿರದ ಕವಿಯ ಪುಸ್ತಕವನ್ನು ಮನೆಗೆ ಕರೆತರುವ ಧೈರ್ಯ ದುಡ್ಡು ಕೊಟ್ಟು ಕೊಳ್ಳುವಾಗ ಬರುವುದಿಲ್ಲ. ಎರವಲಿಗೆ ಬರುತ್ತದೆ.

ಈಗ ನಿಮ್ಮ ದೊಡ್ಡ ಪ್ರಶ್ನೆ, ಅರ್ಥ. ಶಾಲೆಯಲ್ಲಿ ಪದ್ಯ ಅಂದರೆ ಸಾರಾಂಶ ಬರೆಯಿರಿ, ಸಂದರ್ಭ ಸಹಿತ ವಿವರಿಸಿ. ಅಲ್ಲಿಂದಲೇ ನಮಗೆ ಒಂದು ಅಭ್ಯಾಸ ಅಂಟಿದೆ. ಪದ್ಯವನ್ನು ಒಡೆದು ಒಳಗಿನ ಅರ್ಥ ತೆಗೆದು ಸಿಪ್ಪೆ ಬಿಸಾಡುವುದು. ಕವಿತೆಯಲ್ಲಿ ಸಿಪ್ಪೆ ಅನ್ನುವುದಿಲ್ಲ. ಸದ್ದೂ ಅದರ ಮೈ. ಆದ್ದರಿಂದ ಮೊದಲ ಓದಿನಲ್ಲಿ ಅರ್ಥ ಹುಡುಕಬೇಡಿ. ಬಾಯಿಬಿಟ್ಟು ಓದಿ. ಮನಸ್ಸಿನಲ್ಲಿ ಅಲ್ಲ, ಸದ್ದು ಹೊರಗೆ ಬರಬೇಕು.

ಕನ್ನಡದಲ್ಲಿ ಕವಿತೆಯನ್ನು ಒಬ್ಬರೇ ಕೂತು ಕಣ್ಣಿನಲ್ಲೇ ಓದುವುದು ಹೊಸ ರೂಢಿ. ನಮ್ಮ ಹಿಂದಿನವರು ಕೇಳಿದರು. ಕುಮಾರವ್ಯಾಸನ ಭಾರತವನ್ನು ಒಬ್ಬರು ಗಮಕ ಮಾಡಿ, ಅಂದರೆ ರಾಗವಾಗಿ, ಓದುತ್ತಿದ್ದರು, ಇನ್ನೊಬ್ಬರು ಅರ್ಥ ಹೇಳುತ್ತಿದ್ದರು, ಊರು ಕೂತು ಕೇಳುತ್ತಿತ್ತು. ಶಿವಮೊಗ್ಗದ ಹತ್ತಿರ ತುಂಗೆಯ ದಡದ ಹೊಸಹಳ್ಳಿಯಲ್ಲಿ ಗಮಕ ಇವತ್ತಿಗೂ ನಡೆಯುತ್ತದೆ. ಅಕ್ಷರ ಬಾರದವರ ಬಾಯಲ್ಲೂ ಆ ಪದ್ಯಗಳು ಇದ್ದವು ಅಂದರೆ ಕಾರಣ ಅದರ ನಡಿಗೆ. ಆ ಭಾರತ ಇರುವುದು ಭಾಮಿನಿ ಷಟ್ಪದಿ ಅನ್ನುವ ಆರು ಸಾಲಿನ ಛಂದಸ್ಸಿನಲ್ಲಿ. ಅದರ ನಡಿಗೆ ತಿಳಿಯಲು ಪಂಡಿತರು ಬೇಕಿಲ್ಲ. ಬೆರಳಲ್ಲಿ ಮೇಜು ತಟ್ಟುತ್ತಾ ಹೇಳಿ: ತಕಿಟ ತಕಧಿಮಿ, ತಕಿಟ ತಕಧಿಮಿ. ಮೂರು ನಾಲ್ಕು, ಮೂರು ನಾಲ್ಕು, ಒಟ್ಟು 14 ಮಾತ್ರೆ. ಮಾತ್ರೆ ಅಂದರೆ ಒಂದು ಚಿಕ್ಕ ಅಕ್ಷರ ಹೇಳುವಷ್ಟು ಹೊತ್ತು. ಒಂದನೇ, ಎರಡನೇ, ನಾಲ್ಕನೇ, ಐದನೇ ಸಾಲು ಹೀಗೆ. ಮೂರನೇ ಮತ್ತು ಆರನೇ ಸಾಲಿನಲ್ಲಿ ತಕಿಟ ತಕಧಿಮಿ ಮೂರು ಸಲ ಬಂದು ಕೊನೆಗೆ ‘ತಾ’ ಅಂತ ಒಂದು ಗುರು, ಅಂದರೆ ಎರಡು ಮಾತ್ರೆಯ ಉದ್ದ ಅಕ್ಷರ, ಅಲ್ಲಿಗೆ 23. ಸಾಲಿನ ಲೆಕ್ಕದಲ್ಲಿ ಎರಡು ಚಿಕ್ಕ ಹೆಜ್ಜೆ, ಒಂದು ಉದ್ದ ಹೆಜ್ಜೆ, ಸ್ವಲ್ಪ ನಿಂತು ಉಸಿರು, ಮತ್ತೆ ಎರಡು ಚಿಕ್ಕದು, ಒಂದು ಉದ್ದ. ಆರೂ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ. ಇದನ್ನು ಒಮ್ಮೆ ಕಿವಿ ಹಿಡಿದರೆ ಐನೂರು ವರ್ಷಕ್ಕೂ ಹಿಂದಿನ ಕನ್ನಡ ನಿಮ್ಮ ಊಟದ ಮನೆಯಲ್ಲಿ ಹೆಜ್ಜೆ ಹಾಕುತ್ತದೆ. ಪದಗಳು ಅರ್ಧ ತಿಳಿಯದಿದ್ದರೂ ಚಿಂತೆ ಇಲ್ಲ. ಮೊದಲು ನಡಿಗೆ ಬರಲಿ. ನಿಮ್ಮ ಮಗಳಿಗೆ ಈ ತಾಳ ನಿಮಗಿಂತ ಬೇಗ ಬರುತ್ತದೆ ನೋಡಿ.

ಷಟ್ಪದಿ ಭಾರ ಅನ್ನಿಸಿದರೆ ವಚನ ಇದೆ. ಛಂದಸ್ಸಿನ ಕಟ್ಟಿಲ್ಲ, ಎಷ್ಟೋ ವಚನ ಐದಾರು ಸಾಲು, ಮಾತಿನ ಓಟ. 12ನೇ ಶತಮಾನದಲ್ಲಿ ಕೆಲಸ ಮಾಡುತ್ತಾ ಬದುಕಿದವರು ಆಡಿದ್ದು. ಅಕ್ಕಿ ಆಯ್ದ ಲಕ್ಕಮ್ಮ, ಹಗ್ಗ ಹೊಸೆದ ನುಲಿಯ ಚಂದಯ್ಯ, ಸೌದೆ ಮಾರಿದ ಮೋಳಿಗೆಯ ಮಾರಯ್ಯ, ದೋಣಿ ನಡೆಸಿದ ಚೌಡಯ್ಯ. ಬಸವಣ್ಣನವರು ಬಿಜ್ಜಳನ ಭಂಡಾರ ನೋಡಿಕೊಂಡಿದ್ದವರು. ನಿಮ್ಮದೇ ಕೆಲಸ, ಅಲ್ವಾ? ದಿನವಿಡೀ ಜಮೆ ಖರ್ಚು ನೋಡಿದ ಕೈಯಲ್ಲೇ ಅವರ ವಚನ ಹಿಡಿದು ಓದಿ. ಬೇರೆಯದೇ ಒಂದು ನಂಟು ಹುಟ್ಟುತ್ತದೆ.

ಎರಡನೇ ದಿನ ಅದೇ ಕವಿತೆಯನ್ನು ಮತ್ತೆ ಓದಿ. ಹೊಸದಕ್ಕೆ ಹೋಗಬೇಡಿ. ಈಗ ಒಂದೇ ಒಂದು ಪದದ ಬೆನ್ನು ಹತ್ತಿ. ಭಾನುವಾರ ಲೈಬ್ರರಿಗೆ ಹೋದಾಗ ಆಕರ ಗ್ರಂಥಗಳ ಕಪಾಟಿನ ಹತ್ತಿರ ಹತ್ತು ನಿಮಿಷ ನಿಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟದ ನಿಘಂಟು ಕೇಂದ್ರ ಗ್ರಂಥಾಲಯಗಳಲ್ಲಿ ಇರುತ್ತದೆ. ಕಿಟೆಲ್ ಅವರ ನಿಘಂಟೂ ಸಿಗಬಹುದು. ಜರ್ಮನಿಯಿಂದ ಬಂದ ಪಾದ್ರಿ ಅವರು, ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಉದಾಹರಣೆಗೆ ‘ಬೆಡಗು’ ಅನ್ನುವ ಪದ. ಸಿನಿಮಾ ಪುಟದಲ್ಲಿ ‘ಬೆಡಗಿ’ಯನ್ನು ನೋಡಿ ನೋಡಿ ಅದು ಬರೀ ಚೆಲುವಿನ ಪದ ಅಂದುಕೊಂಡಿರುತ್ತೇವೆ. ಅಲ್ಲಮನ ಹತ್ತಿರ ಹೋದರೆ ‘ಬೆಡಗಿನ ವಚನ’ ಅಂತ ಇದೆ. ಅಲ್ಲಿ ಬೆಡಗು ಅಂದರೆ ಒಗಟು, ಒಳಗೆ ಬೇರೆ ಅರ್ಥ ಅಡಗಿಸಿಟ್ಟ ಮಾತು. ಚೆಲುವಿಗೂ ಒಗಟಿಗೂ ನಮ್ಮವರು ಒಂದೇ ಪದ ಇಟ್ಟಿದ್ದಾರೆ! ಇದು ತಿಳಿದ ಮೇಲೆ ಆ ಪದ ಎಲ್ಲಿ ಕಂಡರೂ ನೀವು ಒಂದು ಕ್ಷಣ ನಿಲ್ಲುತ್ತೀರಿ. ವಾರಕ್ಕೆ ಇಂಥ ಒಂದು ಪದ ಸಿಕ್ಕರೆ ಸಾಕು. ಉಳಿದ ಅರ್ಥ ತಾನಾಗಿ ಬರುತ್ತದೆ, ಕೆಲವು ಸಲ ಬರುವುದಿಲ್ಲ. ಬರದಿದ್ದರೂ ಸಾಲು ನಾಲಿಗೆಯ ಮೇಲೆ ಇರುತ್ತದೆ. ಬಸ್ಸಿನಲ್ಲಿ ನಿಂತಾಗ, ಹುಳಿಗೆ ಒಗ್ಗರಣೆ ಹಾಕುವಾಗ ಅದು ಥಟ್ಟನೆ ಬಿಚ್ಚಿಕೊಳ್ಳುತ್ತದೆ.

ಬೇಂದ್ರೆಯವರನ್ನು ಓದಲು ನಿಮಗೆ ಒಂದು ಅನುಕೂಲ ಇದೆ. ದಾವಣಗೆರೆ ನಡುವಿನ ಊರು. ಧಾರವಾಡ ಕಡೆಯ ಮಾತೂ ಕಿವಿಗೆ ಬಿದ್ದಿರುತ್ತದೆ, ಮೈಸೂರು ಕಡೆಯದ್ದೂ. ಬೇಂದ್ರೆ ಬರೆದದ್ದು ಧಾರವಾಡದ ಸಾಧನಕೇರಿಯಲ್ಲಿ ಮನೆಮಂದಿ ಆಡುವ ಕನ್ನಡದ ಬಲದಿಂದ. 1932ರ ‘ಗರಿ’ಯಿಂದ ಶುರು ಮಾಡಿ. 1973ರ ಜ್ಞಾನಪೀಠ ಬಂದದ್ದು ‘ನಾಕುತಂತಿ’ಗೆ ಅಂತ ಅದನ್ನೇ ಮೊದಲು ಎತ್ತಿಕೊಳ್ಳುವವರು ಬಹಳ. ಅದು ಹತ್ತಿದ ಮೇಲಿನ ಮೆಟ್ಟಿಲು, ಕೆಳಗಿನದ್ದಲ್ಲ. ಮಗಳಿಗೆ ಮಕ್ಕಳ ವಿಭಾಗದಲ್ಲಿ ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳಿವೆ. ಒಂದು ನಿಮಿಷ ಮಾತ್ರ ಬಿಡುವಿದ್ದ ದಿನಕ್ಕೆ ಅಂಕೋಲೆಯ ದಿನಕರ ದೇಸಾಯಿಯವರ ನಾಲ್ಕು ಸಾಲಿನ ಚುಟುಕಗಳಿವೆ. ಅಡುಗೆಮನೆ, ಹೆಂಗಸರ ಒಳಮಾತು ಕೇಳಬೇಕು ಅನ್ನಿಸಿದಾಗ ವೈದೇಹಿಯವರ ಕವಿತೆ ತನ್ನಿ.

‘ಸಮಗ್ರ ಕಾವ್ಯ’ ಅಂತ ಬರೆದ ದಪ್ಪ ಸಂಪುಟಗಳನ್ನು ಮಾತ್ರ ಸದ್ಯಕ್ಕೆ ಮನೆಗೆ ತರಬೇಡಿ. ಅವು ಒಮ್ಮೆ ಓದಿದ ಕವಿತೆಯನ್ನು ಮತ್ತೆ ಹುಡುಕಲು ಚೆನ್ನ. ಹೊಸಬರಿಗೆ ಅವನ್ನು ನೋಡಿದರೇ ದಣಿವಾಗುತ್ತದೆ.

ಕೊಳ್ಳಬೇಕಾ ಅಂದಿರಿ. ಒಂದು ಪುಸ್ತಕವನ್ನು ಮೂರು ಸಲ ಎರವಲು ತಂದ ಮೇಲೂ ಬಿಡಲು ಮನಸ್ಸಾಗದಿದ್ದರೆ ಕೊಳ್ಳಿ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ನವೆಂಬರ್ ತಿಂಗಳು ರಿಯಾಯಿತಿ ಇರುತ್ತದೆ. ಅಲ್ಲಿಯವರೆಗೆ ಲೈಬ್ರರಿ ಪ್ರತಿಯೇ ಒಳ್ಳೆಯದು, ಅದರಲ್ಲಿ ನಿಮಗಿಂತ ಮುಂಚೆ ಓದಿದವರ ಗುರುತು ಇರುತ್ತದೆ. ಒಂದು ಸಾಲಿನ ಪಕ್ಕ ಯಾರೋ ಸೀಸದಕಡ್ಡಿಯಲ್ಲಿ ಮೆಲ್ಲಗೆ ಎಳೆದ ಗೀಟು, ಮಡಚಿ ಬಿಚ್ಚಿದ ಪುಟದ ಕಿವಿ, ಒಣಗಿದ ಒಂದು ಹೂವಿನ ಎಸಳು. ನೀವು ಗೀಟು ಹಾಕಬೇಡಿ, ಇದು ಗ್ರಂಥಪಾಲಕನ ಮಾತು. ಆದರೆ ಬೇರೆಯವರು ಹಾಕಿದ್ದು ಕಂಡರೆ ಆ ಸಾಲನ್ನು ಎರಡು ಸಲ ಓದಿ. ನಿಮ್ಮ ಊರಿನ ಯಾರನ್ನೋ ಅದು ನಿಲ್ಲಿಸಿದೆ.

ಮೊಬೈಲಿನ ಬಗ್ಗೆ ನನಗೆ ಸಿಟ್ಟಿಲ್ಲ. ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಅಂತ ನೋಡಲು ‘ವಚನ ಸಂಚಯ’ ತಾಣದಷ್ಟು ಒಳ್ಳೆಯದು ಇನ್ನೊಂದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ಕವಿತೆಗಳದ್ದೇ ತೊಂದರೆ. ಯಾರದ್ದೋ ಸಾಲಿಗೆ ಕುವೆಂಪು ಹೆಸರು, ಇನ್ಯಾರದ್ದೋ ಪದ್ಯಕ್ಕೆ ಡಿವಿಜಿ ಹೆಸರು. ಸಾಲು ಎಲ್ಲಿ ಮುರಿಯಬೇಕೋ ಅಲ್ಲಿ ಮುರಿದಿರುವುದಿಲ್ಲ, ಎಷ್ಟೋ ಸಲ ಒಂದು ನುಡಿಯೇ ಮಾಯ. ಚೆನ್ನಾಗಿದೆ ಅನ್ನಿಸಿದ್ದನ್ನು ಬರೆದಿಟ್ಟುಕೊಂಡು ಲೈಬ್ರರಿಗೆ ಹೋಗಿ ಮೂಲ ಪುಸ್ತಕದಲ್ಲಿ ಹುಡುಕಿ. ಅದೂ ಒಂದು ಒಳ್ಳೆಯ ಭಾನುವಾರದ ಕೆಲಸ. ಹೆಚ್ಚಿನ ಸಾರ್ವಜನಿಕ ಗ್ರಂಥಾಲಯಗಳಿಗೆ ಸೋಮವಾರ ರಜೆ, ಭಾನುವಾರ ಬಾಗಿಲು ತೆಗೆದಿರುತ್ತದೆ.

ಇನ್ನು 15 ದಿನದ ಗಡುವು. ಕಾದಂಬರಿಗೆ ಅದು ಮುಗಿಸುವ ಗಡುವು. ಕವಿತೆಗೆ ಹಾಗಲ್ಲ. ನಮ್ಮಲ್ಲಿ ಹೊಲಿಗೆ ಕೆಲಸದ ಒಬ್ಬರು ಬರುತ್ತಿದ್ದರು. ಒಂದೇ ಸಂಕಲನವನ್ನು ತೆಗೆದುಕೊಂಡು ಹೋಗಿ, ತಂದು, ಮತ್ತೆ ಅದನ್ನೇ ಬರೆಸುತ್ತಿದ್ದರು. ಪುಸ್ತಕದ ಕೊನೆಯ ದಿನಾಂಕದ ಚೀಟಿಯಲ್ಲಿ ಒಂದರ ಕೆಳಗೊಂದು ಮೊಹರು, ಎಲ್ಲವೂ ಅವರದೇ. ಇನ್ನೂ ಮುಗಿದಿಲ್ಲವಾ ಅಂತ ಒಮ್ಮೆ ಕೇಳಿಬಿಟ್ಟೆ. ಕೇಳಬಾರದಿತ್ತು. ‘ಮೂರನೇ ಕವಿತೆಯಲ್ಲಿದ್ದೀನಿ ಸಾರ್’ ಅಂದರು. ಹೇಳಿದ್ದು ಬಹಳ ಸಹಜವಾಗಿ. ಕವಿತೆ ಓದುವುದು ಅಂದರೆ ಏನು ಅಂತ ನನಗೆ ಕಲಿಸಿದವರು ಅವರು. 15 ದಿನಕ್ಕೆ ಎರಡು ಕವಿತೆ ನಿಮ್ಮದಾದರೆ ಪುಸ್ತಕ ಕೊಡಿ, ಬೇಕಿದ್ದರೆ ಮತ್ತೆ ಬರೆಸಿಕೊಳ್ಳಿ. ಬೇರೆಯವರು ಕಾಯುತ್ತಿಲ್ಲ ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ಕೊನೆಗೆ ಅತ್ತೆಯವರ ವಿಷಯ. ನಿಮ್ಮ ಪತ್ರದಲ್ಲಿ ನನ್ನ ಮನಸ್ಸು ಹಿಡಿದು ನಿಲ್ಲಿಸಿದ್ದು ಆ ಕೊನೆಯ ಮಾತು. ನೀವು ಮೂಲೆ ಸೇರಬೇಡಿ, ಅವರ ಪಕ್ಕ ಕೂತು ಓದಿ. ಹೇಗೂ ಬಾಯಿಬಿಟ್ಟು ಓದಬೇಕಲ್ಲ.

ಅವರ ಜೊತೆ ಓದಲು ಒಂದು ಪುಸ್ತಕ ಹೇಳುತ್ತೇನೆ, ‘ಗರತಿಯ ಹಾಡು’. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ ಮತ್ತು ಅವರ ಗೆಳೆಯರು ಹಳ್ಳಿಯ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು. 1931ರಲ್ಲಿ ಪುಸ್ತಕವಾಯಿತು. ತವರು, ತಾಯಿ, ಅಣ್ಣ, ತೊಟ್ಟಿಲ ಕೂಸು, ಬೀಸುವ ಕಲ್ಲು. ಮೂರೇ ಸಾಲು, ಬೀಸುತ್ತಾ ಕುಟ್ಟುತ್ತಾ ಕಟ್ಟಿದ್ದು, ಕೈಯ ಕೆಲಸದ್ದೇ ಲಯ. ನೀವು ಎರಡು ಸಾಲು ಓದಿ ನಿಲ್ಲಿಸಿ ನೋಡಿ. ಮೂರನೇ ಸಾಲು ಅವರ ಬಾಯಿಂದ ಬಂದರೂ ಬರಬಹುದು. ಬಂದರೆ ಅದು ಪುಸ್ತಕದಲ್ಲಿ ಇರುವ ಹಾಗೆಯೇ ಇರಬೇಕು ಅಂತಿಲ್ಲ. ಊರಿಗೊಂದು ರೂಪ, ಮನೆಗೊಂದು ರೂಪ. ತಪ್ಪು ಅಂತ ತಿದ್ದಬೇಡಿ.

ಪಕ್ಕದಲ್ಲಿ ಒಂದು ನೋಟ್ ಪುಸ್ತಕ ಇಟ್ಟುಕೊಳ್ಳಿ. ಅವರು ಹೇಳಿದ್ದನ್ನು ಅವರು ಹೇಳಿದ ಹಾಗೆಯೇ, ಅವರ ಊರಿನ ಉಚ್ಚಾರದಲ್ಲೇ ಬರೆದುಕೊಳ್ಳಿ. ಯಾರಿಂದ ಕಲಿತರು, ಯಾವ ಊರಲ್ಲಿ, ಏನು ಕೆಲಸ ಮಾಡುವಾಗ ಹಾಡುತ್ತಿದ್ದರು ಅಂತ ಕೇಳಿ ಕೆಳಗೆ ಸೇರಿಸಿ, ತಾರೀಕು ಹಾಕಿ. ಅಕ್ಷರ ಚೆನ್ನಾಗಿದ್ದರೆ ಮಗಳು ಬರೆಯಲಿ. ಹತ್ತು ಇಪ್ಪತ್ತು ಹಾಡು ಆದ ಮೇಲೆ ಒಂದು ಜೆರಾಕ್ಸ್ ಮಾಡಿಸಿ, ಪುಸ್ತಕ ವಾಪಸ್ ಕೊಡಲು ಹೋದಾಗ ನಿಮ್ಮ ಲೈಬ್ರರಿಯವರಿಗೂ ತೋರಿಸಿ.